ತಾತ್ಕಾಲಿಕ ಅಂತ ಬಂದದ್ದನ್ನ ಕಳಿಸೋರು ಯಾರು?

ನಾಗಸಂದ್ರ ಮೆಟ್ರೊ ಸ್ಟೇಷನ್ ಇಳಿದು ಮನೆಗೆ ನಡೆಯೋ ಹತ್ತು ನಿಮಿಷ ನನ್ನ ಫೋನು ಐಪಿವಿ6ರಲ್ಲಿರುತ್ತೆ. ಮನೆಯ ವೈಫೈ ಹಿಡಿದ ತಕ್ಷಣ ಐಪಿವಿ4ಕ್ಕೆ ಇಳಿಯುತ್ತೆ, ಅಂದರೆ 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಕ್ಕೆ. ಅದರಲ್ಲೂ ಸಿಗೋದು ನನ್ನದೇ ಅನ್ನಬಹುದಾದ ವಿಳಾಸ ಅಲ್ಲ. ರೂಟರಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ 100.64ರ ಸರಣಿಯ ಒಂದು ಸಂಖ್ಯೆ ಕೂತಿದೆ. ನನ್ನಂಥ ಎಷ್ಟೋ ಮನೆಗಳನ್ನ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸೋದಕ್ಕೆ ಅಂತಲೇ 2012ರಲ್ಲಿ ಎತ್ತಿಟ್ಟ ಸಂಖ್ಯೆಗಳವು. ಈ ಏರ್ಪಾಡಿಗೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತ ಹೆಸರು, ನಮ್ಮ ಫೀಲ್ಡಿನವರ ಬಾಯಲ್ಲಿ ಸಿಜಿನ್ಯಾಟ್. ಇಡೀ ವಠಾರಕ್ಕೆ ಬೀದಿ ಕಡೆ ಒಂದೇ ಬಾಗಿಲು ಇದ್ದ ಹಾಗೆ. ಒಳಗಿನವರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು. ಹೊರಗಿನಿಂದ ಬಂದ ಪೋಸ್ಟ್‌ಮ್ಯಾನ್‌ಗೆ ಮಾತ್ರ ಯಾವ ಮನೆ ಯಾರದು ಅಂತ ಗೊತ್ತಾಗಲ್ಲ.

ಐಪಿವಿ4ರ ವಿಳಾಸ 32 ಬಿಟ್‌ನದು. ಎಲ್ಲ ಸೇರಿಸಿದರೂ 429 ಕೋಟಿ ಚಿಲ್ಲರೆ. ಜಗತ್ತಿನ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಕಟ್ಟುಗಳನ್ನ 2011ರ ಫೆಬ್ರುವರಿ 3ರಂದು ಹಂಚಿ ಮುಗಿಸಿದರು. ಎರಡೂವರೆ ತಿಂಗಳಿಗೆ ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು ಕೂಡ ಕೊನೆಯ ಕಟ್ಟಿಗೆ ಬಂದು, ರೇಷನ್ ಶುರುವಾಯಿತು. ಐಪಿವಿ6 ಆಗಲೇ ತಯಾರಿತ್ತು, 1998ರಿಂದ. ಆದರೆ ಎರಡೂ ಒಂದನ್ನೊಂದು ನೇರವಾಗಿ ಮಾತಾಡಿಸಲ್ಲ. ಆದ್ದರಿಂದ ಎರಡರ ಮಧ್ಯೆ ಕೆಲವು ವರ್ಷ ಸೇತುವೆ ಬೇಕು, ದುಭಾಷಿ ಬೇಕು. ಅಂಥವನ್ನೆಲ್ಲ ಸೇರಿಸಿ ಪರಿವರ್ತನಾ ತಂತ್ರಜ್ಞಾನ ಅಂತಾರೆ. ಅವನ್ನ ಹೇಗೆ ಕಟ್ಟಬೇಕು ಅಂತ ಬರೆದವರು ಬೇಕಾದಷ್ಟು ಜನ. ಯಾವಾಗ ಕೆಡವಬೇಕು ಅಂತ ಬರೆದವರು ಕಡಿಮೆ, ನಮ್ಮ ದೇಶದಲ್ಲಂತೂ ತೀರಾ ಕಡಿಮೆ. ಈ ಬರಹದ ತಕರಾರು ಅದೇ.

ತಾತ್ಕಾಲಿಕ ಅನ್ನೋ ಪದಕ್ಕೆ ಈ ಲೋಕದಲ್ಲಿ ಎಷ್ಟು ಆಯಸ್ಸು ಅಂತ ಮೊದಲು ನೋಡಿ. ನಿಮ್ಮ ಮನೆಯ ರೂಟರಿನೊಳಗಿರೋ ಸಾದಾ ನ್ಯಾಟ್ ಇದೆಯಲ್ಲ, ಅದನ್ನ ವಿವರಿಸಿದ ಆರ್‌ಎಫ್‌ಸಿ 1631 ಬಂದದ್ದು 1994ರ ಮೇ ತಿಂಗಳಲ್ಲಿ. ದೀರ್ಘಕಾಲದ ಪರಿಹಾರ ಬರೋವರೆಗೆ ಇದೊಂದು ಅಲ್ಪಾವಧಿಯ ಉಪಾಯ ಅಂತ ಅದರಲ್ಲೇ ಹೇಳಿಕೊಂಡಿದೆ. ಆ ವರ್ಷ ಹುಟ್ಟಿದ ಮಕ್ಕಳು ಈಗ ನಮ್ಮ ಟೀಮಿನಲ್ಲಿ ಲೀಡ್ ಆಗಿದ್ದಾರೆ.

ಒಂದು ಪರಿವರ್ತನಾ ತಂತ್ರವನ್ನ ಯಾವಾಗ ಕಳಿಸಬೇಕು ಅನ್ನೋ ಪ್ರಶ್ನೆ ಇಟ್ಟುಕೊಂಡು ಇಂಟರ್‌ನೆಟ್ ನಿಯಮ ರೂಪಿಸೋ ಐಇಟಿಎಫ್‌ನಲ್ಲಿ ನಿಜಕ್ಕೂ ದೊಡ್ಡ ಜಗಳ ನಡೆದದ್ದು 2011ರಲ್ಲಿ, 6ಟು4 ಅನ್ನೋದರ ಬಗ್ಗೆ. ಅದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನ 2001ರಲ್ಲಿ ಬ್ರಯಾನ್ ಕಾರ್ಪೆಂಟರ್ ಮತ್ತು ಕೀತ್ ಮೂರ್ ಇಬ್ಬರೂ ಸೇರಿ ಬರೆದರು. ನಿಮಗೆ ಒಂದು ಸಾರ್ವಜನಿಕ ಐಪಿವಿ4 ವಿಳಾಸ ಇದ್ದರೆ ಸಾಕು, ಅದನ್ನೇ ಒಳಗಿಟ್ಟು 2002ರಿಂದ ಶುರುವಾಗೋ ಒಂದು ಐಪಿವಿ6 ವಿಳಾಸ ತಯಾರಾಗುತ್ತೆ. ಕಂಪನಿಯನ್ನ ಕೇಳೋ ಹಾಗಿಲ್ಲ, ಅರ್ಜಿ ಹಾಕೋ ಹಾಗಿಲ್ಲ. ನಿಮ್ಮ ಐಪಿವಿ6 ಪ್ಯಾಕೆಟ್ಟನ್ನ ಐಪಿವಿ4ರ ಲಕೋಟೆಯಲ್ಲಿಟ್ಟು ಹತ್ತಿರದ ರಿಲೇಗೆ ಕಳಿಸುತ್ತೆ. ಅಲ್ಲಿ ಲಕೋಟೆ ಬಿಚ್ಚಿ ಮುಂದಕ್ಕೆ ಹಾಕುತ್ತಾರೆ. ಹತ್ತಿರದ ರಿಲೇ ಯಾವುದು ಅಂತ ಹುಡುಕೋ ತಲೆನೋವೂ ಬೇಡ ಅಂತ ಎಲ್ಲ ರಿಲೇಗಳಿಗೂ 192.88.99.1 ಅನ್ನೋ ಒಂದೇ ವಿಳಾಸ ಕೊಟ್ಟರು. ವಿಂಡೋಸ್ ವಿಸ್ತಾ, ವಿಂಡೋಸ್ 7 ಇದನ್ನ ತಾವಾಗಿಯೇ ಚಾಲೂ ಮಾಡಿಕೊಳ್ಳುತ್ತಿದ್ದವು.

ಕಾಗದದ ಮೇಲೆ ಎಷ್ಟು ಚಂದ! ತೊಂದರೆ ಇದ್ದದ್ದು ಆ ರಿಲೇ ಯಾರದು ಅನ್ನೋದರಲ್ಲಿ. ಹೋಗುವಾಗ ಯಾರೋ ಪುಣ್ಯಾತ್ಮ ಇಟ್ಟ ರಿಲೇ, ಬರುವಾಗ ಇನ್ಯಾರೋ ಇಟ್ಟದ್ದು. ಅದು ಕೆಟ್ಟರೆ ದೂರು ಕೊಡೋದಕ್ಕೆ ಯಾರೂ ಇಲ್ಲ, ಯಾಕಂದರೆ ಅವರು ನಿಮ್ಮಿಂದ ದುಡ್ಡು ತಗೊಂಡಿಲ್ಲ. ಮಧ್ಯದ ಫೈರ್‌ವಾಲ್‌ಗಳು ಈ ಲಕೋಟೆಯ ಗುರುತು ಕಂಡರೇ ಎಸೆಯುತ್ತಿದ್ದವು. ಆಗ ಏನಾಗುತ್ತಿತ್ತು? ಬ್ರೌಸರು ಐಪಿವಿ6ರಲ್ಲಿ ಪ್ರಯತ್ನಿಸಿ, ಹತ್ತಾರು ಸೆಕೆಂಡು ಕಾದು, ಬೇಸತ್ತು ಐಪಿವಿ4ಕ್ಕೆ ಮರಳುತ್ತಿತ್ತು. ಕೂತಿದ್ದ ಮನುಷ್ಯ ಬೈಯುತ್ತಿದ್ದದ್ದು ವೆಬ್‌ಸೈಟಿಗೆ. ಹಾಗಾಗಿ ದೊಡ್ಡ ವೆಬ್‌ಸೈಟಿನವರು ಐಪಿವಿ6 ಚಾಲೂ ಮಾಡೋದಕ್ಕೇ ಹೆದರಿ ಕೂತರು. 2011ರ ಜೂನ್ 8ರಂದು ಎಲ್ಲರೂ ಒಟ್ಟಾಗಿ ಒಂದೇ ಒಂದು ದಿನ ಮಾಡಿ ನೋಡೋಣ ಅಂತ ವಿಶ್ವ ಐಪಿವಿ6 ದಿನ ಇಟ್ಟುಕೊಂಡದ್ದರ ಹಿಂದೆ ಈ ಹೆದರಿಕೆಯೂ ಇತ್ತು. ಐಪಿವಿ6 ಹರಡಲಿ ಅಂತ ಮಾಡಿದ ಉಪಾಯ ಐಪಿವಿ6ರ ಕಾಲಿಗೇ ತೊಡರಿಕೊಂಡಿತ್ತು.

ಆ ವರ್ಷ 6ಟು4ನ್ನು 'ಐತಿಹಾಸಿಕ' ಅಂತ ಘೋಷಿಸೋಣ, ಅಂದರೆ ಮರ್ಯಾದೆಯಾಗಿ ನಿವೃತ್ತಿ ಕೊಡೋಣ ಅನ್ನೋ ಪ್ರಸ್ತಾವ ಬಂತು. ವಿರೋಧಿಸಿದವರಲ್ಲಿ ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಕೀತ್ ಮೂರ್ ಇದ್ದರು. ಇನ್ನೊಬ್ಬ ಕರ್ತೃ ಕಾರ್ಪೆಂಟರ್, ಇದನ್ನ ಬಳಸಲೇಬೇಕಾದರೆ ಹೇಗೆ ಕಡಿಮೆ ಅಪಾಯದಲ್ಲಿ ಬಳಸಬೇಕು ಅಂತ ಆರ್‌ಎಫ್‌ಸಿ 6343 ಬರೆದರು. ವಿರೋಧದ ವಾದ ಸುಮ್ಮನೆ ತಳ್ಳಿಹಾಕೋ ಥರದ್ದಲ್ಲ. ಕಂಪನಿಯವರು ಐಪಿವಿ6 ಕೊಡೋದಿಲ್ಲ, ನನಗೆ ಇರೋ ದಾರಿ ಇದೊಂದೇ, ನನ್ನ ಹತ್ತಿರ ಸರಿಯಾಗೇ ನಡೀತಿದೆ. ಬದಲಿ ಕೊಡದೆ ಕಿತ್ತುಕೊಳ್ಳೋದಕ್ಕೆ ನೀವ್ಯಾರು? ಹಳ್ಳಿಯಿಂದ ಬಂದ ನನಗೆ ಈ ಮಾತಿನ ಸಿಟ್ಟು ಗೊತ್ತಾಗುತ್ತೆ. ಒಂದೇ ಬಸ್ಸಿರೋ ಊರಲ್ಲಿ, ಬಸ್ಸು ಹಳೇದಾಯ್ತು ಅಂತ ನಿಲ್ಲಿಸೋ ನಿರ್ಧಾರವನ್ನ ಯಾವತ್ತೂ ಕಾರಿರೋರೇ ತಗೊಳ್ಳೋದು.

ಆದರೂ ವಾದ ಸೋಲಬೇಕಿತ್ತು, ಸೋತಿತು, ನಾಲ್ಕು ವರ್ಷ ತಡವಾಗಿ. 2015ರ ಮೇ ತಿಂಗಳ ಆರ್‌ಎಫ್‌ಸಿ 7526 ಆ 192.88.99.1ರ ರಿಲೇ ಪದ್ಧತಿಯನ್ನ ನಿವೃತ್ತಿ ಮಾಡಿತು. ಬರೆದ ಇಬ್ಬರಲ್ಲಿ ಒಬ್ಬರು ಅದೇ ಬ್ರಯಾನ್ ಕಾರ್ಪೆಂಟರ್. ತಾನು ನೆಟ್ಟದ್ದನ್ನ ತಾನೇ ನಿಂತು ಕಡಿಸಿದ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವವಿದೆ. ನಮ್ಮ ಆಫೀಸುಗಳಲ್ಲಿ ಹತ್ತು ವರ್ಷದ ಹಳೇ ಸ್ಕ್ರಿಪ್ಟು ಅಳಿಸೋಣ ಅಂದರೆ ಬರೆದವರು ಮುಖ ಊದಿಸಿಕೊಳ್ಳೋದನ್ನ ನೀವೂ ನೋಡಿರ್ತೀರಿ.

ವಾದ ಯಾಕೆ ಸೋಲಬೇಕಿತ್ತು ಅನ್ನೋದೇ ಇಲ್ಲಿ ಮುಖ್ಯ. 'ನನ್ನ ಹತ್ತಿರ ನಡೀತಿದೆ' ಅನ್ನೋ ಮನುಷ್ಯ 6ಟು4ರ ಬಿಲ್ಲು ಕಟ್ಟುತ್ತಿರಲಿಲ್ಲ. ಕಾಯುತ್ತಾ ಕೂತ ಅಪರಿಚಿತ, ಗಿರಾಕಿ ಕಳೆದುಕೊಂಡ ವೆಬ್‌ಸೈಟು, ಬಿಟ್ಟಿ ರಿಲೇ ನಡೆಸಿದವನು ಕಟ್ಟುತ್ತಿದ್ದರು. ಇವರಲ್ಲಿ ಯಾರ ಕೈಯಲ್ಲೂ ಅದನ್ನ ನಿಲ್ಲಿಸೋ ಸ್ವಿಚ್ಚಿರಲಿಲ್ಲ. ಒಂದು ತಾತ್ಕಾಲಿಕ ವ್ಯವಸ್ಥೆ ತಾನಾಗಿ ಹೋಗುತ್ತೋ ಇಲ್ಲವೋ ಅನ್ನೋದನ್ನ ಅದು ಎಷ್ಟು ಹಳೇದು, ಎಷ್ಟು ಜನ ಬಳಸ್ತಾರೆ ಅಂತ ನೋಡಿ ಹೇಳೋಕಾಗಲ್ಲ. ಅದರ ಬಿಲ್ಲು ಯಾರ ಹೆಸರಿಗೆ ಬರುತ್ತೆ ಅಂತ ನೋಡಬೇಕು.

ಈ ಅಳತೆಗೋಲು ಹಿಡಿದು ಮೊಬೈಲ್ ಕಡೆ ತಿರುಗಿ. 464ಎಕ್ಸ್‌ಲ್ಯಾಟ್ ಅನ್ನೋ ತಂತ್ರ 2013ರಲ್ಲಿ ನಿಯಮದ ರೂಪ ಪಡೀತು. ಫೋನಿಗೆ ಕೊಡೋದು ಐಪಿವಿ6 ವಿಳಾಸ ಮಾತ್ರ. ಐಪಿವಿ4 ಬಿಟ್ಟು ಬೇರೆ ಗೊತ್ತಿಲ್ಲದ ಆಪ್ ಇದ್ದರೆ ಫೋನಿನೊಳಗೆ ಒಬ್ಬ ಪುಟ್ಟ ದುಭಾಷಿ, ಕಂಪನಿಯ ಕಡೆ ಇನ್ನೊಬ್ಬ ದೊಡ್ಡ ದುಭಾಷಿ. ಆ ದೊಡ್ಡ ದುಭಾಷಿಯ ಪೆಟ್ಟಿಗೆ, ಕರೆಂಟು, ಲಾಗು, ಎಲ್ಲದರ ಖರ್ಚು ಮೊಬೈಲ್ ಕಂಪನಿಯದ್ದೇ. ಒಂದೊಂದು ವೆಬ್‌ಸೈಟು ಐಪಿವಿ6ಕ್ಕೆ ಬಂದ ಹಾಗೂ ಆ ಖರ್ಚು ಇಳಿಯುತ್ತೆ. ಹೀಗಾಗಿ ಕಂಪನಿಗೇ ಅವಸರ. 2016ರ ಜೂನ್ 1ರಿಂದ ಆಪಲ್ ಕಂಪನಿ, ಐಪಿವಿ6 ಮಾತ್ರ ಇರೋ ನೆಟ್‌ವರ್ಕಿನಲ್ಲೂ ನಡೀದ ಆಪ್‌ಗಳಿಗೆ ತನ್ನ ಸ್ಟೋರಿನಲ್ಲಿ ಜಾಗವಿಲ್ಲ ಅಂದಿತು. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೊ ಐಪಿವಿ6 ಸಮೇತವೇ ಮಾರುಕಟ್ಟೆಗೆ ಬಂತು. ಏಪಿನಿಕ್ ಅಳತೆಯಲ್ಲಿ ಇವತ್ತು ಭಾರತದ ಬಳಕೆದಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನರ ಬಳಿ ಐಪಿವಿ6 ಇದೆ, ಜಗತ್ತಿನ ಮುಂಚೂಣಿಯಲ್ಲಿದ್ದೇವೆ. ನಮ್ಮಲ್ಲಿ ಇಂಟರ್‌ನೆಟ್ ಅಂದರೆ ಮುಕ್ಕಾಲುಪಾಲು ಮೊಬೈಲೇ ಆದ್ದರಿಂದ ಈ ಸಂಖ್ಯೆ ಮನೆಯ ಕೇಬಲ್ಲಿನ ಕಥೆಯನ್ನ ಮುಚ್ಚಿಡುತ್ತೆ.

ಇನ್ನು ಪೀಣ್ಯ. ನನ್ನ ಚಿಕ್ಕಪ್ಪನ ಮಗ ಎರಡನೇ ಹಂತದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಮಿಷನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡ್ತಾನೆ. ಹೋದ ವರ್ಷ ಶೆಡ್ಡಿಗೆ ಕ್ಯಾಮೆರಾ ಹಾಕಿಸಿದ. "ಅಣ್ಣ, ಶೆಡ್ಡಲ್ಲಿದ್ರೆ ಕಾಣ್ತದೆ, ಮನೆಗೆ ಬಂದ್ರೆ ಕಾಣಲ್ಲ. ಕನೆಕ್ಷನ್ ಹುಡುಗ ಸ್ಟ್ಯಾಟಿಕ್ ಐಪಿ ತಗೊಳ್ಳಿ, ತಿಂಗಳಿಗೆ ಬೇರೆ ಚಾರ್ಜು ಅಂತಾನೆ. ಶೆಡ್ಡು ನಂದು, ಕ್ಯಾಮೆರಾ ನಂದು, ಅವನಿಗ್ಯಾಕೆ ಬಾಡಿಗೆ?" ಅಂದ. ಉತ್ತರ ಸರಳ: ಅವನ ಕನೆಕ್ಷನ್ನು ಸಿಜಿನ್ಯಾಟ್ ಹಿಂದಿದೆ, ಐಪಿವಿ6 ಕೊಟ್ಟಿಲ್ಲ. ಹೊರಗಿನಿಂದ ಬಂದ ಕರೆಗೆ ಅವನ ಬಾಗಿಲು ಗೊತ್ತಾಗಲ್ಲ. ಕೊನೆಗೆ ಕ್ಲೌಡ್ ಕ್ಯಾಮೆರಾ ಕೊಂಡ. ಈಗ ಪೀಣ್ಯದ ಶೆಡ್ಡಿನ ವಿಡಿಯೊ ಎಲ್ಲೋ ಇರೋ ಯಾವುದೋ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಹೆಗ್ಗನಹಳ್ಳಿಯ ಅವನ ಮನೆಗೆ ಬರುತ್ತೆ. ಎರಡು ಜಾಗಕ್ಕೂ ಬೈಕಿನಲ್ಲಿ ಹತ್ತು ನಿಮಿಷ.

ಸಿಜಿನ್ಯಾಟ್‌ನ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಇಲ್ಲಿ ಕಾಣುತ್ತೆ. ಅದರ ಪೆಟ್ಟಿಗೆಗೂ ಕಂಪನಿ ದುಡ್ಡು ಹಾಕುತ್ತೆ, ನಿಜ. ಆದರೆ ವಿಳಾಸದ ಬರದಿಂದ ಅದಕ್ಕೊಂದು ಹೊಸ ಮಾಲು ಹುಟ್ಟಿತು, ಸ್ಟ್ಯಾಟಿಕ್ ಐಪಿ. ಐಪಿವಿ6 ಸರಿಯಾಗಿ ಕೊಟ್ಟ ದಿನ ಆ ಬಾಡಿಗೆಯ ಬಹುಪಾಲು ನಿಂತುಹೋಗುತ್ತೆ. ತೊಂದರೆ ಮಾತ್ರ ಪೂರ್ತಿ ಗಿರಾಕಿಯದ್ದು. ವಠಾರದ ಯಾವನೋ ಒಬ್ಬ ಏನೋ ಕಿತಾಪತಿ ಮಾಡಿದರೆ ವೆಬ್‌ಸೈಟಿನವರು ಇಡೀ ವಿಳಾಸವನ್ನೇ ಬ್ಲಾಕ್ ಮಾಡ್ತಾರೆ, ನಾವು ಟ್ರಾಫಿಕ್ ಲೈಟಿನ ಚಿತ್ರ ಆರಿಸುತ್ತಾ ಕೂರಬೇಕು. ಪೊಲೀಸರಿಗೂ ಇದೇ ಗೋಳು. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2017ರಲ್ಲಿ, ಒಂದೇ ವಿಳಾಸದ ಹಿಂದೆ ಎಷ್ಟೋ ಜನ ಇರೋದರಿಂದ ಅಪರಾಧಿಯನ್ನ ಬಿಡಿಸಿ ನೋಡೋದೇ ಕಷ್ಟವಾಗಿದೆ, ಸಿಜಿನ್ಯಾಟ್ ಕೊನೆಗಾಣಿಸಿ ಅಂತ ಬಹಿರಂಗವಾಗಿ ಕೇಳಿತು.

ಕನ್ನಡದಲ್ಲಿ ಕೆಲಸ ಮಾಡಿದವರಿಗೆ ಈ ಲೆಕ್ಕ ಹೊಸದಲ್ಲ. ಹಳೇ ನುಡಿ ಫಾಂಟಿನ ಕಡತ ಇವತ್ತಿಗೂ ಬರುತ್ತೆ, ನಾವು ಯೂನಿಕೋಡಿಗೆ ಕನ್ವರ್ಟ್ ಮಾಡಿ ಜಾಗ ತಪ್ಪಿದ ಅರ್ಕಾವೊತ್ತು ಹುಡುಕುತ್ತಾ ಕೂರುತ್ತೇವೆ. ಕಳಿಸಿದವರಿಗೆ ಏನೂ ತೊಂದರೆಯಿಲ್ಲ, ಅವರು ಮುಂದಿನ ಸಲವೂ ಹಾಗೇ ಕಳಿಸ್ತಾರೆ.

ಈಗ ನಮ್ಮ ದೂರಸಂಪರ್ಕ ಇಲಾಖೆಯ ಮಾರ್ಗಸೂಚಿಗೆ ಬರೋಣ. ಐಪಿವಿ6 ಅಳವಡಿಕೆಯ ಮೊದಲ ರಾಷ್ಟ್ರೀಯ ಮಾರ್ಗಸೂಚಿ 2010ರ ಜುಲೈನಲ್ಲಿ ಬಂತು. ಉಗ್ರಾಣ ಖಾಲಿಯಾಗೋ ಮುಂಚೆಯೇ. ಅದಕ್ಕೆ ಶಹಬ್ಬಾಸ್ ಹೇಳಲೇಬೇಕು. ಎರಡನೆಯದು 2013ರ ಮಾರ್ಚಿನಲ್ಲಿ. ಅದರ ಪ್ರಕಾರ 2014ರ ಜೂನ್ 30ರ ನಂತರ ಕೊಡೋ ಪ್ರತಿಯೊಂದು ಹೊಸ ಗೃಹಬಳಕೆಯ ತಂತಿ ಸಂಪರ್ಕವೂ ಐಪಿವಿ6 ಸಾಗಿಸೋ ಸಾಮರ್ಥ್ಯ ಹೊಂದಿರಬೇಕು, ಸರ್ಕಾರಿ ಸಂಸ್ಥೆಗಳು 2017ರ ಡಿಸೆಂಬರಿಗೆ ಪರಿವರ್ತನೆ ಮುಗಿಸಬೇಕು. 2021ರ ನವೆಂಬರಿನಲ್ಲಿ ದಿನಾಂಕ ಪರಿಷ್ಕರಿಸಿದರು: ಸರ್ಕಾರಿ ಸಂಸ್ಥೆಗಳಿಗೆ 2022ರ ಜೂನ್ 30, ಮನೆಯ ಹೊಸ ಸಂಪರ್ಕಗಳಿಗೆ 2022ರ ಡಿಸೆಂಬರ್ 31. ಮನೆಯ ವಿಚಾರದಲ್ಲಿ ಅದೇ ವಾಕ್ಯ ಎಂಟೂವರೆ ವರ್ಷ ಮುಂದಕ್ಕೆ ಹೋಯಿತು.

ದಿನಾಂಕ ಮುಂದೂಡಿದ್ದು ನನಗೆ ಅಷ್ಟು ದೊಡ್ಡ ತಪ್ಪಾಗಿ ಕಾಣಲ್ಲ. ಸಾಫ್ಟ್‌ವೇರ್‌ನಲ್ಲಿದ್ದು ಆ ಮಾತಾಡಿದರೆ ಜನ ನಗ್ತಾರೆ. ವಾಕ್ಯವೇ ತಪ್ಪು. 'ಸಾಮರ್ಥ್ಯ ಹೊಂದಿರಬೇಕು' ಅಂದರೆ ಏನು? ನಾನು ಮ್ಯಾರಥಾನ್ ಓಡೋ ಸಾಮರ್ಥ್ಯ ಹೊಂದಿದ್ದೇನೆ ಅಂತ ನಮ್ಮಮ್ಮ ನಂಬಿದ್ದಾಳೆ. ಕಂಪನಿಯ ಉಪಕರಣಕ್ಕೆ ಐಪಿವಿ6 ಬರುತ್ತೆ, ರೂಟರಿಗೂ ಬರುತ್ತೆ, ಚಾಲೂ ಮಾಡಿಲ್ಲ ಅಷ್ಟೆ. ವಾಕ್ಯ ಓದಿದರೆ ಷರತ್ತು ಪೂರೈಸಿದ ಹಾಗೇ. ಇನ್ನೊಂದು: ಈ ಗಡುವುಗಳೆಲ್ಲ ಶುರುವಾತಿನವು. ಎರಡೂ ಜೊತೆಗೆ ನಡೆಸೋದೇ, ಅಂದರೆ ಡ್ಯುಯಲ್ ಸ್ಟ್ಯಾಕೇ, ಪರಿವರ್ತನೆಯ ಕೊನೆ ಅನ್ನೋ ಹಾಗೆ ಬರೆದಿದ್ದಾರೆ. ಡ್ಯುಯಲ್ ಸ್ಟ್ಯಾಕ್ ಕೂಡ ಸೇತುವೆಯೇ, ಎರಡೆರಡು ಫೈರ್‌ವಾಲ್ ನಿಯಮ, ಎರಡೆರಡು ಮಾನಿಟರಿಂಗ್ ಕೇಳೋ ದುಬಾರಿ ಸೇತುವೆ. ಹಳೇದು ಎಂದು ಮುಗಿಯುತ್ತೆ, ಸಿಜಿನ್ಯಾಟ್ ಎಂದು ಹೋಗುತ್ತೆ ಅನ್ನೋದಕ್ಕೆ ಆ ಗಡುವುಗಳ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.

ಬೇರೆಯವರು ಬರೆದಿದ್ದಾರೆ. ಅಮೆರಿಕದ ಫೆಡರಲ್ ಸರ್ಕಾರ 2020ರ ನವೆಂಬರಿನಲ್ಲಿ ತನ್ನ ಇಲಾಖೆಗಳಿಗೆ ಕೊಟ್ಟ ಆದೇಶದಲ್ಲಿ ಎಣಿಸೋದು 'ಐಪಿವಿ6 ಮಾತ್ರ' ಇರೋ ಉಪಕರಣಗಳನ್ನ: 2023ರ ಹಣಕಾಸು ವರ್ಷದ ಕೊನೆಗೆ ನೂರಕ್ಕೆ 20, ಮರುವರ್ಷ 50, 2025ಕ್ಕೆ 80. ಎರಡೂ ಇಟ್ಟುಕೊಂಡವನಿಗೆ ಅಂಕ ಇಲ್ಲ. ಜೆಕ್ ಗಣರಾಜ್ಯದ ಸರ್ಕಾರ ಇನ್ನೂ ಮುಂದೆ ಹೋಗಿ, 2032ರ ಜೂನ್ 6ರಿಂದ ತನ್ನ ಸೇವೆಗಳನ್ನ ಐಪಿವಿ4ರಲ್ಲಿ ಕೊಡೋದೇ ಇಲ್ಲ ಅಂತ 2024ರ ಜನವರಿಯಲ್ಲಿ ತೀರ್ಮಾನಿಸಿತು. ಎಂಟು ವರ್ಷದ ನೋಟಿಸು, ಒಂದು ದಿನಾಂಕ. ಹಳೇ ಮೋಡೆಮ್ ಮಾರೋನಿಗೂ ಅರ್ಥವಾಗೋ ಭಾಷೆ.

ನಮ್ಮಿಂದ ಇದೆಲ್ಲ ಆಗಲ್ಲ ಅನ್ನೋರಿಗೆ ಪಹಣಿ ನೆನಪಿಸಬೇಕು. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಅವರ ಕೈಯಲ್ಲಿ 67 ಲಕ್ಷ ರೈತರ 2 ಕೋಟಿ ದಾಖಲೆ. ಭೂಮಿ ಯೋಜನೆಯಲ್ಲಿ ಅವೆಲ್ಲ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಬಂದವು. ಬರೀ ಕಂಪ್ಯೂಟರ್ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ. ಕೈಬರಹದ್ದೂ ನಡೀತದೆ, ಪ್ರಿಂಟಿನದೂ ನಡೀತದೆ, ಡ್ಯುಯಲ್ ಸ್ಟ್ಯಾಕ್! ಲೆಕ್ಕಿಗರ ಹಿಡಿತ, ಅದರ ಮೇಲಿನ ಮಾಮೂಲು, ಎಲ್ಲ ಹಾಗೇ ಮುಂದುವರೀತಿತ್ತು. ಸರ್ಕಾರ ಮಾಡಿದ್ದೇನು ಅಂದರೆ, ಒಂದು ತಾಲ್ಲೂಕಿನ ದಾಖಲೆ ತಾಳೆ ನೋಡಿ ಕೌಂಟರ್ ತೆರೆದಾದ ಮೇಲೆ, ಆ ತಾಲ್ಲೂಕಿಗೆ ಅಧಿಸೂಚನೆ ಹೊರಡಿಸಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿತು. ಒಂದೊಂದೇ ತಾಲ್ಲೂಕು, ಆದರೆ ತೆಗೆದ ಮೇಲೆ ತೆಗೆದದ್ದೇ.

ಇದರಲ್ಲಿ ಜನಕ್ಕೆ ತೊಂದರೆ ಆಗಲಿಲ್ಲ ಅಂತಲ್ಲ. 15 ರೂಪಾಯಿಯ ಪಹಣಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿ ಕ್ಯೂ ನಿಲ್ಲಬೇಕಾಯಿತು. "ಪಾಣಿಗಿಂತ ಬಸ್ ಚಾರ್ಜೇ ಜಾಸ್ತಿ ಆಯ್ತಲ್ಲೋ" ಅಂತ ಅಪ್ಪ ಗೊಣಗಿದ್ದು ನೆನಪಿದೆ. ಹೋಬಳಿಯ ನಾಡಕಚೇರಿಯಲ್ಲಿ ಸಿಗತೊಡಗಿದ್ದು ಆಮೇಲೆ. ಬಿಲ್ಲಿನ ಒಂದು ಪಾಲು ರೈತನ ಮೇಲೆ ಬಿತ್ತು, ಅದನ್ನ ಮೊದಲೇ ಯೋಚಿಸಬೇಕಿತ್ತು. ಆದರೆ ಹಳೇದರಿಂದ ಲಾಭ ಇದ್ದವರ ಇಷ್ಟಕ್ಕೆ ಅದರ ನಿವೃತ್ತಿಯನ್ನ ಬಿಡಲಿಲ್ಲ. ಇಂಟರ್‌ನೆಟ್ಟಿನ ವಿಚಾರದಲ್ಲಿ ನಾವು ಬಿಟ್ಟು ಕೂತಿದ್ದೇವೆ.

ಹಾಗಂತ ನಾಳೆ ಬೆಳಿಗ್ಗೆ ಐಪಿವಿ4 ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಹದಿನೈದು ವರ್ಷದ ಸಿಎನ್‌ಸಿ ಮಿಷನ್ನುಗಳಿವೆ, ಬೆರಳೊತ್ತೋ ಹಾಜರಿ ಯಂತ್ರಗಳಿವೆ. ಅವಕ್ಕೆ ಐಪಿವಿ4 ಬಿಟ್ಟು ಬೇರೆ ಭಾಷೆ ಬರಲ್ಲ, ಕಲಿಸೋಕೂ ಆಗಲ್ಲ, ಬದಲಿಸೋ ಅಂದರೆ ಮಾಲೀಕ ಅಂಗಡಿ ಮುಚ್ಚಬೇಕು. ಅವು ಗೋಡೆಯೊಳಗೆ ಎಷ್ಟು ಕಾಲ ಬೇಕಾದರೂ ಐಪಿವಿ4 ಮಾತಾಡಿಕೊಂಡಿರಲಿ, ಯಾರಿಗೂ ನಷ್ಟವಿಲ್ಲ. ನಿವೃತ್ತಿಯ ಮಾತು ಬೀದಿಯಲ್ಲಿ ಬರೋ ತಂತಿಗೆ ಸಂಬಂಧಪಟ್ಟದ್ದು. ಎರಡನ್ನೂ ಕಲಸಿ 'ಹಳೇ ಉಪಕರಣ ಇರೋ ಬಡವರ ಗತಿಯೇನು' ಅಂತ ಕೇಳೋದು ಹೆಚ್ಚಾಗಿ ಹೊಸ ಉಪಕರಣ ಕೊಳ್ಳೋಕೆ ಇಷ್ಟವಿಲ್ಲದ ಕಂಪನಿಗಳು.

ಮುಂದಿನ ಪರಿಷ್ಕರಣೆ ಬರೆಯೋರಿಗೆ ನನ್ನದು ಎರಡೇ ಬೇಡಿಕೆ. 'ಸಾಮರ್ಥ್ಯ' ಅನ್ನೋ ಪದ ಹೊಡೆದು, ಗಿರಾಕಿ ಏನೂ ಮುಟ್ಟದೆಯೇ ಚಾಲೂ ಇರಬೇಕು ಅಂತ ಬರೀರಿ. ಮತ್ತೆ, ಐಪಿವಿ6 ಕೊಡದೆ ಸಿಜಿನ್ಯಾಟ್ ಹಿಂದೆ ಕೂರಿಸಿದ ಕನೆಕ್ಷನ್ನಿಗೆ, ಕೇಳಿದವರಿಗೆ ಸಾರ್ವಜನಿಕ ವಿಳಾಸವನ್ನ ಹೆಚ್ಚುವರಿ ಶುಲ್ಕವಿಲ್ಲದೆ ಕೊಡಬೇಕು ಅಂತ ಒಂದು ದಿನಾಂಕ ಹಾಕಿ. ಇದಕ್ಕೆ ಕಂಪನಿಯವರು, ಅಷ್ಟು ವಿಳಾಸ ನಮ್ಮ ಹತ್ತಿರ ಇಲ್ಲ, ಮಾರುಕಟ್ಟೆಯಲ್ಲಿ ಕೊಳ್ಳಬೇಕು, ದುಬಾರಿ ಅಂತಾರೆ. ಹೌದು, ದುಬಾರಿ. ಸದ್ಯಕ್ಕೆ ಆ ದುಬಾರಿಯನ್ನ ತಿಂಗಳು ತಿಂಗಳು ಶೆಡ್ಡಿನವರು ಕಟ್ಟುತ್ತಿದ್ದಾರೆ. ಕಂಪನಿಯೇ ಕಟ್ಟಬೇಕಾಗಿ ಬಂದರೆ ರೂಟರಿನಲ್ಲಿ ಐಪಿವಿ6 ಚಾಲೂ ಮಾಡೋ ಕಾನ್ಫಿಗರೇಷನ್ ಎಷ್ಟು ದಿನದ ಕೆಲಸ ಅಂತ ನಮ್ಮ ಫೀಲ್ಡಿನವರಿಗೆ ಗೊತ್ತೇ ಇದೆ.